ಭಾವನ ಮೂಗಿನ ಭರವಸೆ

"ಹಸಿ ಮೀನು ತಿನ್ನೋಕೆ ಇಷ್ಟು ದೂರ ಬರಬೇಕಿತ್ತಾ ಅಕ್ಕಾ? ಮೀನಿನ ಅಂಗಡಿ ಮುಂದೆ ಬಾಯಿ ತೆರ್ಕೊಂಡು ನಿಂತಿದ್ರೆ ಸಾಕಿತ್ತು. ಬೆಕ್ಕುಗಳ ಜೊತೆ ನಮಗೂ ಒಂದೊಂದು ತುಂಡು ಎಸೀತಿದ್ದ."

"ದೂರ ಅಂತೆ ದೂರ! ಮನೆಯಿಂದ ಎರಡು ಬೀದಿ. ತಲೆ ಬಗ್ಗಿಸು, ಪರದೆ ಕಿತ್ತು ಬಂದೀತು."

ಬಾಗಿಲಿಗೆ ಇಳಿಬಿಟ್ಟಿದ್ದ ಅರ್ಧ ಪರದೆಯ ಕೆಳಗೆ ತಲೆ ತಗ್ಗಿಸಿ ಒಳಗೆ ಬಂದವರು ಮೂವರು. ಮಾತಾಡುತ್ತಲೇ ಬಂದವನು ತಮ್ಮ. ಬಸ್ ನಿಲ್ದಾಣದ ಎದುರು ಅವನದೊಂದು ಕಟಿಂಗ್ ಶಾಪು. ಕತ್ತರಿ ನಿಂತರೂ ನಾಲಿಗೆ ನಿಲ್ಲಬಾರದ ಕಸುಬು ಅದು. ಅಂಗಡಿಯ ಬಾಗಿಲು ಎಳೆದ ಮೇಲೂ ಅವನು ಆ ಅರ್ಧ ಕಸುಬನ್ನು ಮುಂದುವರಿಸುತ್ತಿದ್ದ. ಅವನ ಬಾಯಿಗೆ ಬ್ರೇಕ್ ಹಾಕುತ್ತ ಬಂದವಳು ಅವನ ಅಕ್ಕ, ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಇಬ್ಬರ ಹಿಂದೆ ಸದ್ದಿಲ್ಲದೆ ಬಂದವನು ಅವಳ ಗಂಡ, ಆಸ್ಪತ್ರೆಯ ಕ್ಯಾಂಟೀನಿನ ಅಡುಗೆಯವನು. ಈ ಕತೆ ಅವನದು. ಸರಿಯಾಗಿ ಹೇಳಬೇಕೆಂದರೆ ಅವನ ಮೂಗಿನದು.

ಜಪಾನಿನವರ ಆ ಊಟದ ಜಾಗ ಮೊದಲು ಫೋಟೊ ಸ್ಟುಡಿಯೊ ಆಗಿತ್ತು. ಈಗ ಅಲ್ಲಿ ಒಂದು ಉದ್ದನೆಯ ಮರದ ಕಟ್ಟೆ, ಕಟ್ಟೆಯ ಮುಂದೆ ನಾಲ್ಕು ಎತ್ತರದ ಕುರ್ಚಿ, ಗೋಡೆಗೆ ಒತ್ತಿಕೊಂಡು ಮೂರು ಪುಟ್ಟ ಮೇಜು. ವಾರದ ನಡುವಿನ ದಿನ, ಜನವೇ ಇರಲಿಲ್ಲ. ಮೂಲೆಯಲ್ಲಿ ಒಬ್ಬ ಮುದುಕ ಪೇಪರ್ ಓದುತ್ತ, ಯಾರ ಹಂಗೂ ಇಲ್ಲದವನಂತೆ ಸುರ್ ಸುರ್ ಎಂದು ಶಾವಿಗೆ ಎಳೆಯುತ್ತಿದ್ದ. ಕಟ್ಟೆಯ ಆಚೆ ಬಿಳಿ ಬಟ್ಟೆಯ ಅಡುಗೆಯವನೊಬ್ಬ ತಲೆ ಎತ್ತದೆ ಏನನ್ನೋ ಕೊಯ್ಯುತ್ತಿದ್ದ. ಬಂದವರನ್ನು ಕೂರಿಸುವುದು, ಕೇಳುವುದು, ತಂದಿಡುವುದು ಎಲ್ಲ ಅವನ ಹೆಂಡತಿಯ ಕೆಲಸ. ಆಕೆ ಪ್ರತಿ ಮಾತಿಗೂ ಒಮ್ಮೆ ಸೊಂಟ ಬಗ್ಗಿಸಿ "ಹೌದು ಹೌದು" ಅನ್ನುತ್ತಿದ್ದಳು. ಈ ಊರಿನ ಮಾತು ಆಕೆಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ಮಿಕ್ಕ ಮಾತುಗಳಿಗಿಂತ ಆ ಎರಡೇ ಬೇಗ ಬಾಯಿಗೆ ಬರುತ್ತಿದ್ದವು.

ಕೂತ ಕೂಡಲೇ ಆಕೆ ಬಿಸಿನೀರಿನಲ್ಲಿ ಹಿಂಡಿ ಸುರುಳಿ ಸುತ್ತಿದ್ದ ಬಿಳಿ ಟವೆಲನ್ನು ಒಬ್ಬೊಬ್ಬರ ಮುಂದೆ ಇಟ್ಟಳು. ತಮ್ಮ ಅದನ್ನು ಎತ್ತಿ, ಬಿಡಿಸಿ, ಕಸುಬಿನ ಅಭ್ಯಾಸದಲ್ಲಿ ಒಮ್ಮೆ ಝಾಡಿಸಿದ.

"ಭಾವ, ನೋಡಿ. ಇಲ್ಲಿ ಮೊದಲು ಶೇವಿಂಗು, ಆಮೇಲೆ ಊಟ. ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಇಷ್ಟು ದೂರದಿಂದ ಬಂದಿದಾರೆ."

ಭಾವ ನಕ್ಕ. ಟವೆಲಿನಿಂದ ಕೈ ಒರೆಸಿಕೊಂಡ. ಅದಕ್ಕೆ ಏನಾದರೂ ಪರಿಮಳ ಹಾಕಿದ್ದರೋ ಇಲ್ಲವೋ, ಅವನಿಗೆ ಗೊತ್ತಾಗಲಿಲ್ಲ.

ಗೊತ್ತಾಗುವುದು ನಿಂತು ತಿಂಗಳುಗಳೇ ಆಗಿದ್ದವು. ಚಳಿಗಾಲದಲ್ಲಿ ಅವನಿಗೊಂದು ಜ್ವರ ಬಂದಿತ್ತು. ಅಂಥ ದೊಡ್ಡದೇನಲ್ಲ, ವಾರ ಮಲಗಿಸಿ ಬಿಟ್ಟುಹೋಯಿತು. ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಮೊದಲು ನೆಗಡಿ ಇನ್ನೂ ಬಿಟ್ಟಿಲ್ಲ ಅಂದುಕೊಂಡ. ಒಂದು ಬೆಳಗ್ಗೆ ಕ್ಯಾಂಟೀನಿನಲ್ಲಿ ಬುಟ್ಟಿ ಈರುಳ್ಳಿ ಹೆಚ್ಚುತ್ತಿದ್ದಾಗ ಕಣ್ಣಲ್ಲಿ ನೀರು ಬಂತು, ಮೂಗಿಗೆ ಈರುಳ್ಳಿ ಬರಲಿಲ್ಲ. ಚಾಕು ಕೆಳಗಿಟ್ಟು ಕಾಫಿಪುಡಿಯ ಡಬ್ಬಿ ತೆರೆದ, ಇಲ್ಲ. ವಿನೆಗರ್ ಬಾಟಲಿಯ ಮುಚ್ಚಳ ತೆಗೆದ. ಏನೋ ಸಣ್ಣಗೆ ಚುಚ್ಚಿತು, ವಾಸನೆ ಅಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಉಳಿದಿದ್ದವು. ಅಷ್ಟು ಬಿಟ್ಟರೆ ಸೇಬಿಗೂ ಹಸಿ ಆಲೂಗಡ್ಡೆಗೂ ಅವನ ಬಾಯಲ್ಲಿ ಹೆಚ್ಚು ಅಂತರ ಇರಲಿಲ್ಲ.

ಯಾರಿಗೂ ಹೇಳಲಿಲ್ಲ. ಸುತ್ತ ನಾಲ್ಕು ಮಹಡಿ ತುಂಬ ಡಾಕ್ಟರುಗಳು. ಆದರೂ ಕಿವಿ ಮೂಗು ಗಂಟಲಿನ ಡಾಕ್ಟರು ಚಹಾಕ್ಕೆ ಬಂದಾಗ, "ನಮ್ಮ ಕಡೆಯವನೊಬ್ಬನಿಗೆ ಹಿಂಗಾಗಿದೆ ಸಾರ್" ಅಂತ ಬೇರೆಯವನ ಹೆಸರಲ್ಲೇ ಕೇಳಿದ. "ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ" ಅಂದ ಡಾಕ್ಟರು, ಅವನು ಮಾಡಿದ ಚಹಾ ಕುಡಿದು "ಚೆನ್ನಾಗಿದೆ" ಅಂತ ಹೇಳಿ ಹೋದರು. ಕ್ಯಾಂಟೀನಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಆಸ್ಪತ್ರೆಯ ಊಟಕ್ಕೆ ರುಚಿಯಿಲ್ಲ ಅನ್ನುವವರು ಮೊದಲೂ ಅನ್ನುತ್ತಿದ್ದರು, ಈಗಲೂ ಅನ್ನುತ್ತಿದ್ದರು. ಕೈ ಹಳೆಯ ಕೈ, ಅಳತೆ ಅದಕ್ಕೆ ಬಾಯಿಪಾಠ.

ಮನೆಯಲ್ಲಿ ಹೇಳಬೇಕು ಅಂತ ದಿನವೂ ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಹೆಂಡತಿಯ ತಲೆಗೊಂದು ಹುಳ ಹೊಕ್ಕಿತು: ತಮ್ಮದೇ ಒಂದು ಪುಟ್ಟ ಊಟದ ಮನೆ ಮಾಡಬೇಕು. ಅವನು ಒಲೆಯ ಮುಂದೆ, ಅವಳು ಮೇಜಿನ ಮುಂದೆ. ಆ ಹುಳ ನೋಡನೋಡುತ್ತಲೇ ರೆಕ್ಕೆ ಬಲಿತು ಹಾರಾಡತೊಡಗಿತು. ಇದೇ ಬೀದಿಯ ತುದಿಯಲ್ಲಿ ಒಂದು ಕೋಣೆಯನ್ನೂ ಅವಳು ಹುಡುಕಿದಳು. ಮೊದಲು ಅಲ್ಲಿ ಯಾರೋ ಬಣ್ಣದ ಮೀನು, ಗಿಳಿ, ಮೊಲ ಮಾರುತ್ತಿದ್ದರಂತೆ. ಮೂವರೂ ಹೋಗಿ ನೋಡಿ ಬಂದಿದ್ದರು, ಒಂದಲ್ಲ ಮೂರು ಸಲ.

ಈಗ ಅವಳು, ಮಾತು ಕೊಡುವ ಮೊದಲೇ ಮಾಲೀಕ ಕೈಗಿಟ್ಟು ಕಳಿಸಿದ್ದ ಆ ಕೋಣೆಯ ಬೀಗದಕೈಯನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲೆ, ಸೋಯಾ ಸಾಸಿನ ಬಾಟಲಿಯ ಪಕ್ಕ ಇಟ್ಟಳು.

"ನಾಳೆ ಬೆಳಗ್ಗೆ ನಮ್ಮ ಅಂಗಡಿ ಯಜಮಾನರಿಗೆ ಹೇಳಿಬಿಡ್ತೀನಿ ರೀ, ಈ ತಿಂಗಳಿಗೆ ನನ್ನ ಕೆಲಸ ಮುಗೀತು ಅಂತ. ಅವರೂ ಯಾರನ್ನಾದ್ರೂ ನೋಡ್ಕೋಬೇಕಲ್ಲ. ಹೇಳಿ, ಅಲ್ಲಿಂದ ಸೀದಾ ಕೋಣೆಯವರ ಹತ್ತಿರ ಹೋಗಿ ಮಾತು ಕೊಟ್ಟು ಬರ್ತೀನಿ."

"ನಾಳೆನೇ?" ಅಂದ ಅವನು.

"ಇನ್ನೇನು ಜಾತಕ ನೋಡಿಸ್ಬೇಕಾ? ಅದಕ್ಕೇ ಇವತ್ತು ಇಲ್ಲಿಗೆ ಬಂದಿದ್ದು. ನೋಡಿ, ಇವರದೂ ನಮ್ಮಷ್ಟೇ ಜಾಗ. ಗಂಡ ಅಡುಗೆ, ಹೆಂಡತಿ ಬಡಿಸೋದು. ನಡೆಸ್ತಿಲ್ವಾ?"

"ನಡೆಸ್ತಿದಾರೆ," ಅಂದ ತಮ್ಮ, ಖಾಲಿ ಕುರ್ಚಿಗಳ ಕಡೆ ಕಣ್ಣು ಹಾಯಿಸಿ. "ಜನ ನಿಲ್ಲೋಕೂ ಜಾಗ ಇಲ್ಲ."

"ನಿನ್ನ ಬಾಯಿಗೆ ಮಣ್ಣು ಹಾಕ. ವಾರದ ಮಧ್ಯೆ ಎಲ್ಲೂ ಹಿಂಗೇ."

ಹೇಳಬೇಕಾದ್ದನ್ನು ಹೇಳಲು ಇರುವುದು ಇದೊಂದೇ ರಾತ್ರಿ. ಅಡುಗೆಯವನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಹೇಳದಿದ್ದರೆ ಅವಳು ಕೆಲಸ ಬಿಡುತ್ತಾಳೆ. ಬಿಟ್ಟದ್ದು ಇವನ ಮೂಗನ್ನು ನಂಬಿ ಅಂತಾಗುತ್ತದೆ. ಆ ಮೂಗೋ, ಮುಖದ ಮೇಲೆ ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ ಉಳಿದಿತ್ತು. ಇಷ್ಟೆಲ್ಲ ಗೊತ್ತಿದ್ದೂ ಅವನು ಮೆನು ಎತ್ತಿಕೊಂಡು, ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದ.

ಈ ಜಪಾನೀ ಊಟಕ್ಕೆ ಅವನು ಒಪ್ಪಿದ್ದರ ಹಿಂದೆ ಒಂದು ಲೆಕ್ಕಾಚಾರ ಇತ್ತು. ಮದುವೆಯಾದ ಹೊಸತರಿಂದ ಗಂಡ ಹೆಂಡತಿಗೆ ಒಂದು ಆಟ. ಹೊರಗೆ ಎಲ್ಲಿ ತಿಂದರೂ ಅವನು ಮೊದಲು ಬಟ್ಟಲನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಬೇಕು, ಆಮೇಲೆ ಒಂದೇ ಒಂದು ಚಮಚ ನಾಲಿಗೆಗೆ ಬಿಟ್ಟುಕೊಂಡು, ಅದರೊಳಗೆ ಏನೇನು ಬಿದ್ದಿದೆ ಅಂತ ಹೇಳಬೇಕು. ಅವಳು ಬಡಿಸುವವರನ್ನು ಕರೆದು ನಿಜವಾ ಅಂತ ಕೇಳುವಳು. ಅವನು ಸೋತದ್ದು ಯಾರಿಗೂ ನೆನಪಿಲ್ಲ. ಒಂದು ಹೋಟೆಲಿನಲ್ಲಂತೂ "ಎಣ್ಣೆ ಮೊನ್ನೆಯದು, ಅದರಲ್ಲಿ ಮೊದಲು ಮೀನು ಕರಿದಿದ್ರು" ಅಂತ ಹೇಳಿ ಇಬ್ಬರೂ ಬೈಸಿಕೊಂಡು ಎದ್ದುಬಂದಿದ್ದರು. ಅವಳಿಗೆ ಅದೇ ದೊಡ್ಡ ಹೆಮ್ಮೆ. ಚಳಿಗಾಲದ ಆಚೆಗೆ ಅವನು ಹೊರಗಿನ ಊಟಕ್ಕೆ ಹತ್ತು ನೆಪ ಹೇಳಿ ತಪ್ಪಿಸಿಕೊಂಡಿದ್ದ. ಇವತ್ತು ಅವಳು ಬಿಡಲಿಲ್ಲ. ಆದರೆ ಜಪಾನಿನ ಅಡುಗೆ, ಯಾರೂ ತಿಂದು ನೋಡಿದ್ದಲ್ಲ. ತಪ್ಪಾದರೂ "ಈ ಊಟ ನನಗೇನು ಗೊತ್ತು" ಅಂತ ಕೈ ತೊಳೆದುಕೊಳ್ಳಬಹುದು.

ಮುಚ್ಚಳವಿದ್ದ ಕಪ್ಪು ಬಟ್ಟಲುಗಳಲ್ಲಿ ಸೂಪ್ ಬಂತು.

"ಹೂಂ, ಶುರು ಮಾಡಿ," ಅಂದಳು ಹೆಂಡತಿ, ಪಂದ್ಯ ನೋಡುವವಳಂತೆ ಮೊಣಕೈ ಊರಿ.

"ಇದು ನಮ್ಮ ಅಡುಗೆ ಅಲ್ವಲ್ಲೇ."

"ನಿಮ್ಮ ಮೂಗಿಗೆ ನಮ್ಮದು ಅವರದು ಅಂತ ಬೇರೆ ಇದೆಯಾ? ಆಡಿ."

ಅವನು ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣು ಮುಚ್ಚಿದ. ಮುಖಕ್ಕೆ ಬೆಚ್ಚನೆಯ ಒದ್ದೆ ಆವಿ ತಾಗಿತು, ಅಷ್ಟೇ. ಆದರೂ ಎಷ್ಟು ಹೊತ್ತು ಹಿಡಿದರೆ ಚೆಂದ ಕಾಣುತ್ತದೋ ಅಷ್ಟು ಹೊತ್ತು ಹಿಡಿದ. ಒಂದು ಗುಟುಕು ಕುಡಿದ. ಉಪ್ಪು. ಕಣ್ಣು ಬಿಟ್ಟಾಗ ಬಟ್ಟಲಲ್ಲಿ ಬಿಳಿ ಚೌಕ ತುಂಡು, ಕಡುಹಸಿರು ಎಲೆಯ ಚೂರು ತೇಲುತ್ತಿದ್ದವು. ಟಿವಿಯಲ್ಲಿ ಯಾವಾಗಲೋ ನೋಡಿದ್ದು ನೆನಪಿಗೆ ಬಂತು.

"ಸೋಯಾ ಕಾಳು ಹುದುಗಿಸಿದ್ದು. ಸಮುದ್ರದ ಸೊಪ್ಪು. ಒಣಗಿಸಿದ ಮೀನು ಕುದಿಸಿದ ನೀರು," ಅಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಇಷ್ಟನ್ನು ಯಾರಾದರೂ ಹೇಳಿಯಾರು ಅನ್ನಿಸಿ, ಹಳೆಯ ಗತ್ತಿನಲ್ಲಿ ಸೇರಿಸಿದ: "ಮತ್ತೆ... ಕೊನೆಗೆ ಒಂದೇ ಒಂದು ಎಸಳು ಬೆಳ್ಳುಳ್ಳಿ. ಹುರಿದು ಹಾಕಿದಾರೆ."

ಹೆಂಡತಿ ಕೈ ಎತ್ತಿ ಯಜಮಾನಿಯನ್ನು ಕರೆದಳು. ಗಂಡ ಹೇಳಿದ್ದನ್ನೆಲ್ಲ ಬೆರಳು ಮಡಿಸುತ್ತ ಒಪ್ಪಿಸಿದಳು. "ಬೆಳ್ಳುಳ್ಳಿನೂ ಇದೆ ಅಂತಾರೆ. ಸರಿನಾ?"

ಯಜಮಾನಿ ಅವಳ ಮುಖ ನೋಡಿದಳು, ಅವನ ಮುಖ ನೋಡಿದಳು, ಸೊಂಟ ಬಗ್ಗಿಸಿದಳು. "ಹೌದು ಹೌದು. ಎಲ್ಲ ಸರಿಯಾಗಿ ಹೇಳಿದ್ರು."

"ನೋಡ್ದೇನೋ!" ಹೆಂಡತಿ ತಮ್ಮನ ಭುಜಕ್ಕೆ ಗುದ್ದಿದಳು. "ಹುಟ್ಟಿದ ಮೇಲೆ ಒಂದು ದಿನಾನೂ ತಿಂದಿಲ್ಲ ಈ ಊಟ. ಇನ್ನು ನನಗೆ ಯಾವ ಯೋಚನೇನೂ ಇಲ್ಲ. ನಾಳೆ ಅಂದ್ರೆ ನಾಳೆ."

ಸಂತೋಷದಲ್ಲಿ ಅವಳ ಕೆನ್ನೆ ಕೆಂಪಾಗಿತ್ತು. ಅಡುಗೆಯವನು ಬಟ್ಟಲಿನೊಳಗೆ ನೋಡಿದ. ಸೋತರೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಗೆದ್ದರೆ ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ.

ಆಮೇಲೆ ಒಂದು ಮರದ ಹಲಗೆ ಬಂತು. ಅದರ ಮೇಲೆ ಕೆಂಪು, ಬಿಳಿ, ಕಿತ್ತಳೆ ಬಣ್ಣದ ಮೀನಿನ ಹೋಳುಗಳು, ಪಕ್ಕದಲ್ಲಿ ಗುಲಾಬಿ ಬಣ್ಣದ ತೆಳ್ಳನೆ ಶುಂಠಿ, ಮೂಲೆಯಲ್ಲಿ ಬೆರಳ ತುದಿಯಷ್ಟು ಹಸಿರು ಉಂಡೆ. ಚಮಚದ ಬದಲು ಕೊಟ್ಟಿದ್ದ ಎರಡು ಕಡ್ಡಿಗಳನ್ನು ತಮ್ಮ ಕತ್ತರಿ ಹಿಡಿದ ಹಾಗೆ ಹಿಡಿದು ಒಂದು ಹೋಳನ್ನು ಸಲೀಸಾಗಿ ಎತ್ತಿದ. "ಅಕ್ಕಾ, ನೋಡು, ಕಸುಬು ಎಲ್ಲಿದ್ರೂ ಅನ್ನ ಹಾಕುತ್ತೆ." ಹೆಂಡತಿ ಎರಡು ಸಲ ಬೀಳಿಸಿ, ಮೂರನೆಯದನ್ನು ಕೈಯಿಂದಲೇ ತೆಗೆದುಕೊಂಡಳು.

ಅಡುಗೆಯವನಿಗೆ ಮಾತಾಡದೆ ಇರಲು ಬಾಯಲ್ಲಿ ಏನಾದರೂ ಇರಬೇಕಿತ್ತು. ಹಸಿರು ಉಂಡೆ ಬೇಯಿಸಿ ಅರೆದ ಬಟಾಣಿಯ ಹಾಗೆ ಕಂಡಿತು. ಮೊದಲಿನ ಅವನಾಗಿದ್ದರೆ, ಮೂಗಿಗೆ ಹಿಡಿಯದೆ ಒಂದು ಅಗುಳನ್ನೂ ಬಾಯಿಗಿಡುತ್ತಿರಲಿಲ್ಲ. ಇಡೀ ಉಂಡೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡ.

ಒಂದು ಕ್ಷಣ ಏನೂ ಆಗಲಿಲ್ಲ. ಮರುಕ್ಷಣ ಯಾರೋ ಗಂಟಲ ಹಿಂದಿನಿಂದ ಮೂಗಿನೊಳಗೆ ಬೆಂಕಿಕಡ್ಡಿ ಗೀರಿದ ಹಾಗಾಯಿತು. ಉರಿ ಮೂಗಿನುದ್ದಕ್ಕೂ ಹತ್ತಿ ಹುಬ್ಬಿನ ನಡುವೆ ನಿಂತಿತು. ಕಣ್ಣಿಂದ ದಳದಳ ನೀರು ಇಳಿಯಿತು. ಮೇಜು ಹಿಡಿದುಕೊಂಡ.

"ಭಾವ ಅಳ್ತಿದಾರೆ!" ಅಂದ ತಮ್ಮ. "ಏನಾಯ್ತು ಭಾವ, ಮೀನಿನ ಕಷ್ಟ ನೆನಪಾಯ್ತಾ?"

ಯಜಮಾನಿ ಓಡಿಬಂದು ಚಹಾ ಬಗ್ಗಿಸಿದಳು. "ಅಯ್ಯೋ, ಪೂರ್ತಿ ತಿಂದ್ರಾ! ಅದು ಖಾರದ ಗಡ್ಡೆ ಅರೆದಿದ್ದು, ಮೀನಿಗೆ ಸ್ವಲ್ಪ, ಸ್ವಲ್ಪ ಸವರೋದು."

ಅವನಿಗೆ ಆ ಮಾತು ಕೇಳಿಸಲೇ ಇಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಮೂಗಿನೊಳಗೆ ಏನೋ ನಡೆದಿತ್ತು. ಬಂತು, ವಾಪಸ್ಸು ಬಂತು ಅಂದುಕೊಂಡ. ಉರಿ ಇಳಿಯುವುದಕ್ಕೂ ಕಾಯದೆ ಚಹಾದ ಲೋಟವನ್ನು ಮೂಗಿಗೆ ಹಿಡಿದು ಎಳೆದ. ಸೂಪಿನ ಬಟ್ಟಲನ್ನು ಹಿಡಿದು ಎಳೆದ. ಶುಂಠಿಯ ಎಸಳು, ಸೋಯಾ ಬಾಟಲಿಯ ಬಾಯಿ, ಕೊನೆಗೆ ಒದ್ದೆ ಟವೆಲು. ಒಂದೊಂದನ್ನೂ ಮೂಗಿಗೆ ಹಿಡಿದ, ಕೆಳಗಿಟ್ಟ. ಉರಿ ಹೇಗೆ ಬಂದಿತ್ತೋ ಹಾಗೇ ಹೊರಟುಹೋಯಿತು. ಅದರ ಹಿಂದೆ ಏನೂ ಉಳಿಯಲಿಲ್ಲ.

ತಲೆ ಎತ್ತಿದಾಗ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಗಾಜಿನಲ್ಲಿ ಗೀರು ಹುಡುಕುವಾಗ ಅವಳು ನೋಡುವ ನೋಟ ಅದು.

"ಏನ್ರೀ ಅದು, ಟವೆಲ್ ಮೂಸ್ತಿದೀರಾ?"

"ನನಗೆ ವಾಸನೆ ಬರಲ್ಲ," ಅಂದ.

"ಯಾವುದರದ್ದು?"

"ಯಾವುದರದ್ದೂ. ಚಳಿಗಾಲದ ಜ್ವರ ಬಂತಲ್ಲ, ಅವಾಗಿಂದ. ರುಚಿನೂ ಅಷ್ಟಕ್ಕಷ್ಟೇ. ಸೂಪಲ್ಲಿ ಇರೋದನ್ನ ನೋಡಿ ಹೇಳ್ದೆ. ಬೆಳ್ಳುಳ್ಳಿ ಸುಮ್ನೆ ಬಾಯಿಗೆ ಬಂತು."

ಮೂಲೆಯ ಮುದುಕ ಶಾವಿಗೆ ಎಳೆದು ಮುಗಿಸಿದ. ತಮ್ಮನ ಕಡ್ಡಿಗಳ ನಡುವಿನ ಹೋಳು ಅಲ್ಲೇ ನಿಂತಿತು.

ಹೆಂಡತಿ ಯಜಮಾನಿಯತ್ತ ತಿರುಗಿದಳು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಆ ಸೂಪಲ್ಲಿ ಬೆಳ್ಳುಳ್ಳಿ ಇದೆಯಾ?"

ಯಜಮಾನಿ ಚಹಾದ ಕೆಟಲನ್ನು ಎದೆಗೆ ಅವಚಿಕೊಂಡು ಕಟ್ಟೆಯ ಕಡೆ ನೋಡಿದಳು. ಕೊಯ್ಯುವ ಸದ್ದು ನಿಂತಿತ್ತು. "ಇಲ್ಲ," ಅಂದಳು. "ಅವರು ಅಷ್ಟು ಖುಷಿಯಾಗಿ ಹೇಳ್ತಿದ್ರು. ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ." ಇನ್ನೊಮ್ಮೆ ಸೊಂಟ ಬಗ್ಗಿಸಿ ಒಳಗೆ ಹೋದಳು.

ಹೆಂಡತಿ ತನ್ನ ಮುಂದಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅವಳು ಅಳುವವಳಲ್ಲ, ಕೂಗಾಡುವವಳೂ ಅಲ್ಲ. ಹಿಂದಿನ ದಿನಗಳನ್ನೆಲ್ಲ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಳೆ ಅಂತ ಅವನಿಗೆ ಅನ್ನಿಸಿತು.

"ಅವತ್ತು ಹಾಲು ಸೀದು ಮನೆಯೆಲ್ಲ ಹೊಗೆ ತುಂಬಿತ್ತು. ನೀವು ಅಡುಗೆಮನೆ ಬಾಗಿಲಲ್ಲೇ ಕೂತಿದ್ರಿ."

"ಹೂಂ."

"ನಿದ್ದೆ ಬಂದಿತ್ತು ಅಂದ್ರಿ."

"ಅಂದೆ."

"ಗ್ಯಾಸ್ ಸೋರಿದ್ರೆ? ಕ್ಯಾಂಟೀನಲ್ಲಿ?"

"ದಿನಾ ಎರಡು ಸಲ ಟ್ಯೂಬಿಗೆ ಸೋಪಿನ ನೀರು ಹಾಕಿ ನೋಡ್ತೀನಿ. ಗುಳ್ಳೆ ಬರುತ್ತಾ ಅಂತ."

"ಅದಕ್ಕೆಲ್ಲ ಬುದ್ಧಿ ಓಡುತ್ತೆ. ಹೆಂಡತಿಗೆ ಒಂದು ಮಾತು ಹೇಳೋಕೆ ಓಡಲ್ಲ," ಅಂದಳು. ಸ್ವರ ಏರಲಿಲ್ಲ. "ನಮ್ಮ ಅಂಗಡಿಗೆ ಬರೋರೂ ಹಿಂಗೇ ರೀ. ಕಣ್ಣು ಮಂಜಾಗಿದೆ ಅನ್ನಲ್ಲ. ಪೇಪರಿನವರು ಅಕ್ಷರ ಸಣ್ಣ ಮಾಡಿದಾರೆ ಅಂತಾರೆ. ಆದ್ರೂ ಅವರು ಕೊನೆಗೊಂದಿನ ಬರ್ತಾರೆ. ನೀವು ನಾನು ಕೆಲಸ ಬಿಡೋ ಹಿಂದಿನ ರಾತ್ರಿವರೆಗೂ ಕೂತ್ರಿ."

ಅವನು ಕಡ್ಡಿಗಳನ್ನು ಜೋಡಿಸಿ ಇಟ್ಟ.

ಆಗ ಅವಳ ಕಣ್ಣು ಮೇಜಿನ ಮೇಲಿದ್ದ ಬೀಗದಕೈ ಮೇಲೆ ಬಿತ್ತು. ಅವಳು ನೇರವಾಗಿ ಕೂತಳು.

"ಅಂದ್ರೆ... ಆ ಕೋಣೆ?"

"ಕೋಣೆಗೇನಾಯ್ತು?"

"ಆ ಕೋಣೆಯಲ್ಲಿ ನಿಮಗೆ ಏನೂ ವಾಸನೆ ಬರಲಿಲ್ವಾ?"

"ಯಾವ ವಾಸನೆ?"

ತಮ್ಮನ ಕಡ್ಡಿಯಿಂದ ಮೀನು ಜಾರಿ ಸಾಸಿನಲ್ಲಿ ಬಿತ್ತು. ಅವನು ಮೊದಲು ಕೆಮ್ಮಿದ, ಆಮೇಲೆ ಬಾಯಿಗೆ ಟವೆಲು ಒತ್ತಿಕೊಂಡ. ಅದೂ ಸಾಲದೆ ಮೇಜಿನ ಮೇಲೆ ಹಣೆ ಇಟ್ಟು ಮೈಯೆಲ್ಲ ಕುಲುಕಿಸಿ ನಗತೊಡಗಿದ. ಬಟ್ಟಲುಗಳು ಟಣಟಣ ಅಂದವು.

"ಅಯ್ಯಯ್ಯೋ ಭಾವ! ಇಲಿ ಸತ್ತು, ಅದನ್ನ ಒದ್ದೆ ಬಟ್ಟೇಲಿ ಸುತ್ತಿ, ಗಿಳಿ ಪಂಜರದ ಕೆಳಗೆ ವರ್ಷ ಇಟ್ಟ ಹಾಗೆ! ನಾನು ಕರ್ಚೀಫು ಕಟ್ಕೊಂಡು ನಿಂತಿದ್ದು ಇನ್ಯಾಕೆ ಅಂದ್ಕೊಂಡ್ರಿ?"

"ನೆಗಡಿ ಅಂದ್ಕೊಂಡೆ."

"ಮೂರು ಸಲಾನೂ ನೆಗಡಿನಾ?"

ಅಡುಗೆಯವನಿಗೆ ಎಲ್ಲ ನೆನಪಾಯಿತು. ಬೀದಿಯ ಧೂಳು ನುಗ್ಗುತ್ತಿದ್ದರೂ ಕೋಣೆಯ ಮಾಲೀಕ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಉಸಿರು ಬಿಡದೆ ಮಾತಾಡಿದ್ದು. ತಾನು ನಡುಮಧ್ಯೆ ನಿಂತು, ಹಳೆಯ ಅಭ್ಯಾಸದಲ್ಲಿ ಎದೆ ತುಂಬ ಉಸಿರೆಳೆದುಕೊಂಡು, "ಚೆನ್ನಾಗಿದೆ, ಗಾಳಿ ಆಡುತ್ತೆ" ಅಂದದ್ದು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಜಾಗ ಸಾಲದು ಅಂತ ಅವರಿಗೆ ಅನುಮಾನ ಇರಬೇಕು ಅಂದುಕೊಂಡು, ಹೆಜ್ಜೆ ಹಾಕಿ ಅಳೆದು ಬೇರೆ ತೋರಿಸಿದ್ದ.

"ಅಷ್ಟು ನಾತ ಇದ್ರೆ ನೀವಿಬ್ರೂ ಯಾಕೆ ಬಾಯಿ ಬಿಡ್ಲಿಲ್ಲ?" ಅಂತ ಕೇಳಿದ.

"ಹೆಂಗೆ ಬಿಡೋದು ಭಾವ? ಹಳೇ ಎಣ್ಣೇಲಿ ಮೊನ್ನೆ ಏನು ಕರಿದ್ರು ಅಂತ ಹೇಳೋ ಮನುಷ್ಯ ನೀವು. ಕಣ್ಣು ಮುಚ್ಕೊಂಡು, ಎಳ್ಕೊಂಡು, ಚೆನ್ನಾಗಿದೆ ಅಂದ್ರಿ. ಕ್ಷೌರದವನು ನಾನು, ನಾನೇನು ಹೇಳ್ಲಿ?"

"ನಾನು ನನ್ನ ಮೂಗೇ ಕೆಟ್ಟಿದೆ ಅಂದ್ಕೊಂಡೆ," ಅಂದಳು ಹೆಂಡತಿ. ಇಷ್ಟು ಹೊತ್ತಿಗೆ ಅವಳ ತುಟಿಯೂ ಒಂದು ಕಡೆ ಎಳೆಯುತ್ತಿತ್ತು, ಆದರೆ ನಗು ಹೊರಗೆ ಬರಲು ಬಿಡಲಿಲ್ಲ. "ಸುಣ್ಣ ಹೊಡೆದ್ರೆ ಹೋಗೋ ವಾಸನೆ ಇರಬೇಕು, ಅದಕ್ಕೇ ಇವರು ಲೆಕ್ಕಕ್ಕೆ ತಗೊಂಡಿಲ್ಲ ಅಂದ್ಕೊಂಡೆ. ರಾತ್ರಿ ಬಟ್ಟೆ ಬದಲಾಯಿಸುವಾಗ ಸೀರೆಯಿಂದ ಬರ್ತಿತ್ತು. ಆದ್ರೂ ಸುಮ್ನಿದ್ದೆ."

ಮೂವರೂ ಆ ಬೀಗದಕೈಯನ್ನು ನೋಡಿದರು. ನಾಳೆ ಇಷ್ಟು ಹೊತ್ತಿಗೆ ಆ ನಾತ ತಮ್ಮದಾಗಿರುತ್ತಿತ್ತು ಅನ್ನುವುದು ಮೂವರಿಗೂ ಒಂದೇ ಸಲ ಹೊಳೆದಿರಬೇಕು. ತಮ್ಮ ನಗು ನಿಲ್ಲಿಸಿ ಕಣ್ಣು ಒರೆಸಿಕೊಂಡ.

ಕೊನೆಯ ಬಟ್ಟಲು ಬಂತು: ಮುಚ್ಚಳ ಹಾಕಿದ ಪುಟ್ಟ ಪಿಂಗಾಣಿ ಲೋಟದಲ್ಲಿ ಹಬೆಯಲ್ಲಿ ಬೇಯಿಸಿದ ಮೊಟ್ಟೆ, ಗಿಣ್ಣಿನ ಹಾಗೆ ನಡುಗುತ್ತಿತ್ತು. ತಪ್ಪು ಒಪ್ಪಿಕೊಳ್ಳುವವಳಂತೆ ಯಜಮಾನಿ, "ಇದು ನಮ್ಮ ಕಡೆಯಿಂದ" ಅಂದಳು.

ಅಡುಗೆಯವನು ಚಮಚ ಹಾಕಿ, ಅಂಚನ್ನು ಸ್ವಲ್ಪ ಸರಿಸಿ ನೋಡಿದ. ನಾಲಿಗೆ ಮೇಲೆ ಇಟ್ಟುಕೊಂಡು ಅಂಗುಳಕ್ಕೆ ಒತ್ತಿದ. "ಇನ್ನೊಂದು ಚೂರು ಬೆಂದಿದ್ರೆ ತೂತು ಬೀಳ್ತಿತ್ತು. ಬೆಂಕಿ ತುಂಬ ಸಣ್ಣ ಇಟ್ಟಿದಾರೆ, ಮುಚ್ಚಳದ ಕೆಳಗೆ ಬಟ್ಟೆ ಕಟ್ಟಿದಾರೆ. ಹಬೆಯ ನೀರು ಒಂದು ಹನಿ ಬಿದ್ದಿಲ್ಲ," ಅಂದ. ಕಟ್ಟೆಯ ಆಚೆಯಿಂದ ಬಿಳಿ ಬಟ್ಟೆಯವನು ಮೊದಲ ಸಲ ತಲೆ ಎತ್ತಿದ.

"ವಾಸನೆ ಹೆಂಗಿದೆ?" ಅಂತ ಅವನು ಹೆಂಡತಿಯನ್ನು ಕೇಳಿದ.

ಅವಳು ಲೋಟವನ್ನು ಎತ್ತಿದಳು. ಆಟದಲ್ಲಿ ಇದುವರೆಗೆ ಅವಳು ಆ ಜಾಗಕ್ಕೆ ಬಂದವಳಲ್ಲ; ಮೂಗನ್ನು ಎಷ್ಟು ಹತ್ತಿರ ಇಡಬೇಕೆಂದು ಗೊತ್ತಾಗದೆ ತುದಿಗೆ ಮೊಟ್ಟೆ ಹತ್ತಿಸಿಕೊಂಡಳು. "ಒದ್ದೆ ಕಟ್ಟಿಗೆ ಥರ. ಮಳೆ ಬಂದು ನಿಂತ ಮೇಲೆ ಕಟ್ಟಿಗೆ ರಾಶಿ ಹತ್ತಿರ ಹೋದ್ರೆ ಬರುತ್ತಲ್ಲ, ಹಂಗೆ."

"ಅಣಬೆ ಇರಬೇಕು. ಅಡಿಯಲ್ಲಿ ನೋಡು."

ಚಮಚಕ್ಕೆ ಅಣಬೆ ಸಿಕ್ಕಿತು. ತಮ್ಮ ಚಪ್ಪಾಳೆ ತಟ್ಟಲು ಹೋಗಿ ಅಕ್ಕನ ಮುಖ ನೋಡಿ ಕೈ ಇಳಿಸಿದ.

"ಮತ್ತೆ?"

"ಮತ್ತೆ... ಸೋಪು. ಸೋಪಿನ ಥರ."

"ಸೋಪಾ? ಎಂಥ ಸೋಪು?"

"ಎಂಥ ಅಂದ್ರೆ? ಮೈಗೆ ಹಚ್ಚೋ ಸೋಪು."

ಅವನು ಯೋಚಿಸಿದ. ಸೋಪಿನ ವಾಸನೆಯ ಯಾವ ಪದಾರ್ಥವೂ ಅವನ ನೆನಪಿಗೆ ಬರಲಿಲ್ಲ. "ನಿನ್ನ ಕೈಯದ್ದೇ ಇರಬೇಕು," ಅಂದ ಕೊನೆಗೆ.

"ಸೋತ್ರೆ ಸೋತೆ ಅನ್ನಿ," ಅಂದಳು.

ಯಜಮಾನಿ ಕೇಳದಿದ್ದರೂ ಬಂದು ಹೇಳಿದಳು: ಅದು ಒಂದು ಜಾತಿಯ ನಿಂಬೆಯ ಸಿಪ್ಪೆಯಂತೆ. ಈ ಸಲ ಆಕೆ "ಹೌದು ಹೌದು" ಅನ್ನಲಿಲ್ಲ.

ಹೊರಗೆ ಬಂದಾಗ ಬೀದಿಯಲ್ಲಿ ಮುಚ್ಚಿದ ಅಂಗಡಿಗಳು, ಅಲ್ಲೊಂದು ಇಲ್ಲೊಂದು ದೀಪ. ಮೂವರೂ ಬೀದಿಯ ತುದಿಯವರೆಗೆ ನಡೆದರು. ಕೋಣೆಯ ಷಟರಿನ ಪಕ್ಕದ ಬಾಗಿಲು ಮಾಲೀಕನ ಮನೆಗೆ ಹೋಗುವ ಮೆಟ್ಟಿಲಿನದು. ಅದರಲ್ಲಿ ಟಪಾಲು ಹಾಕುವ ಕಿಂಡಿ. ಹತ್ತು ಮಾರು ಇರುವಾಗಲೇ ತಮ್ಮ ಕರ್ಚೀಫು ತೆಗೆದ.

"ನಾಳೆ ಕೆಲಸಕ್ಕೆ ಹೋಗ್ತೀನಿ," ಅಂದಳು ಹೆಂಡತಿ. "ಏನೂ ಮಾತಾಡಲ್ಲ. ನೀವು ನಿಮ್ಮ ಆಸ್ಪತ್ರೆಯ ಮೂಗಿನ ಡಾಕ್ಟರ ಹತ್ತಿರ ಹೋಗಿ ನಿಮ್ಮ ಹೆಸರಲ್ಲಿ ತೋರಿಸ್ಕೊಳ್ಳಿ. ಬೇರೆಯವನ ಹೆಸರಲ್ಲಿ ಅಲ್ಲ."

"ಆ ಡಾಕ್ಟರ ವಿಷಯ ನಿನಗೆ ಹೆಂಗೆ ಗೊತ್ತು?"

"ಈಗ ಗೊತ್ತಾಯ್ತು. ಇಷ್ಟು ದಿನ ಡಾಕ್ಟರುಗಳ ಮಧ್ಯೆ ಇದ್ಕೊಂಡು ನೀವು ಯಾರನ್ನೂ ಕೇಳದೆ ಇರೋರಲ್ಲ, ನಿಮ್ಮ ಹೆಸರಲ್ಲಿ ಕೇಳೋರೂ ಅಲ್ಲ."

ಅವನು ಷಟರಿನ ಮುಂದೆ ನಿಂತ. "ಊಟದ ಮನೆ?"

"ಇದಕ್ಕಿಂತ ಒಳ್ಳೆ ಜಾಗ ಸಿಕ್ಕಿದ್ರೆ ನೋಡೋಣ."

"ಒಳ್ಳೇದೋ ಕೆಟ್ಟದ್ದೋ ಅಂತ ಯಾರು ಹೇಳೋದು?"

"ನಾನು ಹೇಳ್ತೀನಿ. ಸೋಪಿನ ವಾಸನೆ ಬಂದ್ರೆ ಸೋಪು ಅಂತೀನಿ."

ಬೀಗದಕೈಯನ್ನು ಅವನ ಕೈಗೆ ಕೊಟ್ಟಳು. ಅವನು ಕಿಂಡಿಯ ಹತ್ತಿರ ಹೋದವನು, ಅದನ್ನು ಹಾಕುವ ಮೊದಲು ಷಟರಿನ ಕೆಳಗಿನ ಸಂದಿಯ ಬಳಿ ಮೊಣಕಾಲೂರಿ ಬಗ್ಗಿದ. ಕಣ್ಣು ಮುಚ್ಚಿ, ಎದೆ ತುಂಬುವಷ್ಟು ನಿಧಾನವಾಗಿ ಉಸಿರೆಳೆದುಕೊಂಡ. ಅಕ್ಕ ತಮ್ಮ ಇಬ್ಬರೂ ಮೂಗು ಹಿಡಿದುಕೊಂಡೇ ಕಾದರು. ಆಮೇಲೆ ಅವನು ಇಲ್ಲ ಅಂತ ತಲೆ ಆಡಿಸುತ್ತ ಎದ್ದು, ಮಂಡಿಯ ಧೂಳು ಕೊಡವಿ, ಬೀಗದಕೈಯನ್ನು ಕಿಂಡಿಯೊಳಗೆ ಬಿಟ್ಟ. ಅದು ಒಳಗಿನ ಮೆಟ್ಟಿಲ ಮೇಲೆ ಬಿದ್ದು, ಇನ್ನೂ ಒಂದು ಮೆಟ್ಟಿಲು ಇಳಿದು ನಿಂತಿತು.